ಹತ್ತೋದು ಸರಿ, ಇಳಿಯೋದು ಹೆಂಗೆ?

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಮಾರ್ಚ್ ಬಂತು ಅಂದ್ರೆ ಬ್ಯಾಂಕಿನವರ ಪಾಡು ನಿಮಗೆ ಗೊತ್ತೇ ಇದೆ. ಊರವರ ಲೆಕ್ಕ ಮುಗಿಸೋ ಹೊತ್ತಿಗೆ ನಮ್ಮ ಮನೆ ಲೆಕ್ಕವೇ ತಪ್ಪಿರುತ್ತೆ. ಅದರ ಜೊತೆ ಮಗಳ ಪರೀಕ್ಷೆ, ಆಮೇಲೆ ಯುಗಾದಿ, ಊರಿಗೆ ಹೋಗಿದ್ದು, ಅಲ್ಲಿ ಆಗಿದ್ದು.. ಅದೆಲ್ಲ ಆದ್ಮೇಲೆ ಇವತ್ತು ಕೂತು ಬರೀತಿದ್ದೀನಿ.

ಬರೀತಿರೋದು ಒಂದು ಲೆಕ್ಕದ ಬಗ್ಗೇನೇ. ಮಗಳು ಆರು ತಿಂಗಳಿಂದ ಒಂದು ಕ್ಲೈಂಬಿಂಗ್ ಜಿಮ್ಮಿಗೆ ಹೋಗ್ತಿದ್ದಾಳೆ. ಈ ತಿಂಗಳ ಕೊನೆಗೆ ಅದರ ಚಂದಾ ಮುಗಿಯುತ್ತೆ. ಒಂದು ವರ್ಷಕ್ಕೆ ಕಟ್ಟಬೇಕೋ, ಇಲ್ಲಿಗೇ ಸಾಕು ಅನ್ನಬೇಕೋ ಅನ್ನೋದು ನಮ್ಮ ಮನೇಲಿ ಸದ್ಯಕ್ಕೆ ಇರೋ ದೊಡ್ಡ ಪ್ರಶ್ನೆ. ಇವರಂತೂ "ಜೂನ್‌ಗೆ ಒಂಬತ್ತನೇ ಕ್ಲಾಸು" ಅಂತ ಹೇಳಿ ಪೇಪರ್ ಹಿಂದೆ ಮುಖ ಮುಚ್ಕೊಂಡ್ರು. ಅಂದ್ರೆ ತೀರ್ಮಾನ ನನ್ನದು. ಬೈಸಿಕೊಳ್ಳೋದೂ ನಾನೇ :)

ಇದೆಲ್ಲ ಶುರುವಾಗಿದ್ದು ಒಂದು ಹುಟ್ಟುಹಬ್ಬದ ಪಾರ್ಟಿಯಿಂದ. ಮಗಳ ಕ್ಲಾಸಿನ ಹುಡುಗಿಯೊಬ್ಬಳ ಮನೆಯವರು ಮಕ್ಕಳನ್ನೆಲ್ಲ ಇಂದಿರಾನಗರದ ಕಡೆ ಇರೋ ಜಿಮ್ಮಿಗೆ ಕರ್ಕೊಂಡು ಹೋಗಿದ್ರು. ನಮ್ಮ ಕಾಲದಲ್ಲಿ ಹುಟ್ಟುಹಬ್ಬ ಅಂದ್ರೆ ಕೇಸರಿಬಾತು, ಈಗ ಗೋಡೆ ಹತ್ತೋದು. ಇರ್ಲಿ ಬಿಡಿ. ಸಂಜೆ ಚಂದ್ರಾ ಲೇಔಟಿನ ನಮ್ಮ ಮನೆ ಬಾಗಿಲಲ್ಲಿ ನಿಂತಾಗ ಅವಳ ಎರಡೂ ಅಂಗೈ ರಂಗೋಲಿ ಪುಡಿ ಮೆತ್ತಿದ ಹಾಗೆ ಬೆಳ್ಳಗಿತ್ತು. ಚಪ್ಪಲಿ ಬಿಡೋಕೂ ಮುಂಚೆ ಅವಳು ಹೇಳಿದ್ದು, "ಅಮ್ಮಾ, ಏಳು ಸಲ ಬಿದ್ದೆ!"

ಗಣಿತದಲ್ಲಿ 2 ಮಾರ್ಕ್ಸ್ ಹೋಯ್ತು ಅಂತ ರಾತ್ರಿಯೆಲ್ಲ ಊಟ ಬಿಟ್ಟು ಅತ್ತ ಮಗು ಇದು. ಅದು ಏಳು ಸಲ ಬಿದ್ದದ್ದನ್ನ ಇಷ್ಟು ಖುಷಿಯಾಗಿ ಹೇಳ್ತಿದೆ! ನನಗೆ ಒಂದು ಕಡೆ ಆಶ್ಚರ್ಯ, ಇನ್ನೊಂದು ಕಡೆ ಹೊಟ್ಟೆಯಲ್ಲಿ ಏನೋ ಗಂಟು ಬಿಗಿದ ಹಾಗೆ. ಯಾಕಂದ್ರೆ ನನಗೂ ಬಂಡೆಗೂ ಒಂದು ಹಳೇ ಬಾಕಿ ಇದೆ. ಅದನ್ನ ಆಮೇಲೆ ಹೇಳ್ತೀನಿ.

ಇಂಥ ಜಿಮ್ ನೋಡದೇ ಇರೋರಿಗೆ ಸ್ವಲ್ಪ ಹೇಳಿಬಿಡ್ತೀನಿ. ಒಳಗೆ ಹೋದ್ರೆ ಡಂಬೆಲ್ಸು, ಟ್ರೆಡ್‌ಮಿಲ್ಲು ಏನೂ ಎದುರಿಗೆ ಕಾಣಲ್ಲ. ಸುತ್ತ ಪ್ಲೈವುಡ್ಡಿನ ಗೋಡೆ, ಕೆಲವು ನೆಟ್ಟಗೆ, ಕೆಲವು ನಮ್ಮ ಮೇಲೇ ಬೀಳೋ ಹಾಗೆ ಬಾಗಿರುತ್ತೆ. ಅದಕ್ಕೆಲ್ಲ ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ಹಿಡಿಗಳನ್ನ ಬೋಲ್ಟ್ ಹಾಕಿ ಕೂರಿಸಿರ್ತಾರೆ. ಹಳದಿಯಲ್ಲಿ ಶುರು ಮಾಡಿದ್ರೆ ಹಳದಿ ಹಿಡಿಗಳನ್ನ ಮಾತ್ರ ಮುಟ್ಟಿ ಮೇಲೆ ಹೋಗಬೇಕು. ಒಂದೊಂದು ಬಣ್ಣ ಒಂದೊಂದು ಒಗಟು. ಅದಕ್ಕೆ ಅವರು ಕರೆಯೋದೇ 'ಪ್ರಾಬ್ಲಮ್' ಅಂತ. ದುಡ್ಡು ಕೊಟ್ಟು ಪ್ರಾಬ್ಲಮ್ ತಗೊಳ್ಳೋ ಜಾಗ ಅಂತ ಇವರ ಜೋಕು. ಹಗ್ಗ ಇಲ್ಲದೆ ಹತ್ತೋ ಗೋಡೆ ಹೆಚ್ಚು ಅಂದ್ರೆ 4 - 4.5 ಮೀಟರ್ ಎತ್ತರ. ಕೆಳಗೆ ಒಂದಡಿ ದಪ್ಪದ ಹಾಸಿಗೆ. ಬಿದ್ರೆ ಧೊಪ್ ಅಂತ ಸದ್ದು, ಎದ್ದು ಮತ್ತೆ ಹತ್ತೋದು. ಇದಕ್ಕೆ ಬೌಲ್ಡರಿಂಗ್ ಅಂತಾರೆ. ಇನ್ನೂ ಎತ್ತರದ ಗೋಡೆ ಇರೋ ಕಡೆ ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಿಸ್ತಾರೆ.

ಕಲ್ಲನ್ನ ಮನೆಯೊಳಗೆ ತಂದ ಮಹಾನುಭಾವ ಯಾರು ಅಂತ ಹುಡುಕಿದೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ಅಂತ ದೈಹಿಕ ಶಿಕ್ಷಣದ ಅಧ್ಯಾಪಕರಿದ್ರು. 1964ರಲ್ಲಿ ಅವರು ಒಂದು ಕಾರಿಡಾರಿನ ಗೋಡೆಗೆ ಕಲ್ಲು ತುಂಡುಗಳನ್ನ ಕೂರಿಸಿ ಹುಡುಗರನ್ನ ಹತ್ತಿಸಿದ್ರಂತೆ. ಅಲ್ಲಿನ ಮಳೆ ಚಳಿಗೆ ಅದು ಸರಿಯೇ. 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಇದು ದುಡ್ಡು ಕೊಟ್ಟು ಹತ್ತೋ ಜಿಮ್ಮಾಯ್ತು. ಟೋಕಿಯೊ ಒಲಿಂಪಿಕ್ಸಿನಲ್ಲಿ, ಅಂದ್ರೆ 2021ರಲ್ಲಿ ನಡೆದದ್ದು, ಮೊದಲ ಸಲ ಪದಕದ ಆಟವಾಯ್ತು. 2024ರ ಪ್ಯಾರಿಸ್‌ನಲ್ಲಿ ಇಂಡೋನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ 15 ಮೀಟರ್ ಗೋಡೆಯನ್ನ 4.75 ಸೆಕೆಂಡಿನಲ್ಲಿ ಹತ್ತಿ ಚಿನ್ನ ಗೆದ್ದ. ನಮ್ಮ ಬ್ಯಾಂಕಿನ ಲಿಫ್ಟು ಬಾಗಿಲು ಮುಚ್ಚೋಕೇ ಅದಕ್ಕಿಂತ ಹೆಚ್ಚು ಹೊತ್ತು ತಗೊಳುತ್ತೆ.

ನನಗೆ ನಗು ಬರೋದು ಬೇರೆ ಕಾರಣಕ್ಕೆ. ಬಂಡೆಗೆ ನಮ್ಮಲ್ಲಿ ಏನು ಬರ? ಹಂಪಿಯ ಬಂಡೆ ಹತ್ತೋಕೆ ಅಮೆರಿಕದಿಂದ ಕ್ರಿಸ್ ಶರ್ಮಾ ಬಂದು, 2003ರಲ್ಲಿ ಅದೊಂದು ಸಿನಿಮಾನೇ ಆಯ್ತು. ಬಾದಾಮಿಯ ಕೆಂಪು ಕಲ್ಲಿಗೆ ದೇಶ ವಿದೇಶದವರು ಬರ್ತಾರೆ. ಚಿತ್ರದುರ್ಗದ ಕೋಟೆ ಗೋಡೆಯನ್ನ ಜ್ಯೋತಿರಾಜ್ ಬರಿಗೈಯಲ್ಲಿ ಹತ್ತೋದನ್ನ ನೀವೆಲ್ಲ ನೋಡಿರ್ತೀರಿ. ಈ ಕಡೆ ರಾಮನಗರ, ಆ ಕಡೆ ಸಾವನದುರ್ಗ. ಇಷ್ಟೆಲ್ಲ ಇಟ್ಕೊಂಡು ಚಂದ್ರಾ ಲೇಔಟಿನ ನಾವು ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಇಡೀ ಊರು ದಾಟಿ ಇಂದಿರಾನಗರದಲ್ಲಿ ಇಳಿದು, ದುಡ್ಡು ಕೊಟ್ಟು ಪ್ಲಾಸ್ಟಿಕ್ ಕಲ್ಲು ಹತ್ತುತ್ತೀವಿ! ಮನೇಲಿ ಹಸು ಇಟ್ಕೊಂಡು ಹಾಲಿನ ಪುಡಿ ತಂದ ಹಾಗೆ ಅಂತ ನಮ್ಮತ್ತೆ ಅಂದ್ರು. ಅವರು ಹೇಳಿದ್ದು ಪೂರ್ತಿ ಸರಿ ಅಲ್ಲ, ಪೂರ್ತಿ ತಪ್ಪೂ ಅಲ್ಲ. ಅದಕ್ಕೇ ಬ್ಯಾಂಕಿನ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದೆ.

ಮೊದಲು ಜಮಾ.

ಒಂದನೇದು, ಹೋಗಿ ಬರೋದು ಸುಲಭ. ದೂರ ಇದ್ರೂ ಒಂದೇ ರೈಲು, ನೇರಳೆ ಮಾರ್ಗ, ಎಲ್ಲೂ ಬದಲಾಯಿಸಬೇಕಿಲ್ಲ. ಮಳೆ ಬರ್ಲಿ, ಕತ್ತಲಾಗ್ಲಿ, ಗೋಡೆ ಅಲ್ಲೇ ಇರುತ್ತೆ. ಬಂಡೆ ಹತ್ತೋಕೆ ಹೋಗಬೇಕು ಅಂದ್ರೆ ಬೆಳಿಗ್ಗೆ 5ಕ್ಕೆ ಏಳಬೇಕು, ಕಾರು ಬೇಕು, ಗೊತ್ತಿರೋರು ಜೊತೇಲಿ ಬೇಕು.

ಎರಡನೇದು, ಹೆಣ್ಣುಮಕ್ಕಳಿಗೆ ಅಲ್ಲಿರೋ ನಿರಾಳ. ಇದನ್ನ ಗಂಡಸರು ಓದಿ ಮುಂದೆ ಹೋಗಿಬಿಡಬಹುದು, ಹೆಂಗಸರಿಗೆ ಅರ್ಥವಾಗುತ್ತೆ. ಹದಿಮೂರು ವರ್ಷದ ಹುಡುಗಿ ಬಯಲಲ್ಲಿ ಒಂದು ಬಂಡೆ ಹತ್ತಿದ್ರೆ ಐದು ನಿಮಿಷದಲ್ಲಿ ನಾಲ್ಕು ಜನ ಕೆಳಗೆ ನಿಂತಿರ್ತಾರೆ. ಒಬ್ಬ ಮೊಬೈಲ್ ತೆಗೀತಾನೆ. ಒಬ್ಬ ಬುದ್ಧಿ ಹೇಳ್ತಾನೆ. ಜಿಮ್ಮಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಎಲ್ಲರೂ ಗೋಡೆ ನೋಡ್ತಿರ್ತಾರೆ. ಐವತ್ತು ದಾಟಿದ ಒಬ್ಬ ಹೆಂಗಸು ಚೂಡಿದಾರದಲ್ಲೇ ಹತ್ತುತ್ತಿದ್ದದ್ದನ್ನ ನೋಡಿ ನಾನು ಕೂತಲ್ಲೇ ನೆಟ್ಟಗಾದೆ.

ಮೂರನೇದು, ಎಂಥ ಮೈಗೂ ಅಲ್ಲೊಂದು ದಾರಿ ಇರುತ್ತೆ. ಪೋಲಿಯೊದಿಂದ ಕಾಲು ಸೋತ ನಮ್ಮ ಬೆಂಗಳೂರಿನ ಮಣಿಕಂಡನ್ ಕುಮಾರ್ 2012ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಪ್ಯಾರಾಕ್ಲೈಂಬಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಇಂಥ ಕೃತಕ ಗೋಡೆಯ ಮೇಲೇ. ಎತ್ತರ ಇರೋರಿಗೆ ಸಲೀಸು ಅಂತಾನೂ ಇಲ್ಲ. ನನ್ನ ಮಗಳು ಕುಳ್ಳಿ, ಕೈ ಎಟುಕದ ಕಡೆ ಕಾಲನ್ನ ಕಿವಿ ಪಕ್ಕ ಇಟ್ಟು ಏಳ್ತಾಳೆ.

ನಾಲ್ಕನೇದು ಮನುಷ್ಯರದ್ದಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ವನ್ಯಧಾಮ ಆಯ್ತು. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟೋದು ಕಡಿದಾದ ಬಂಡೆಯ ಅಂಚಿನಲ್ಲೇ. ಒಂದು ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ನಮ್ಮ ಮಕ್ಕಳ ಶನಿವಾರದ ಖುಷಿಗೆ ಅದರ ಮುಂದೆ ಹೋಗಿ ಕಿರುಚಾಡೋದಕ್ಕಿಂತ ಪ್ಲೈವುಡ್ಡೇ ವಾಸಿ. ನಮಗೆ ಹತ್ತಿರದ ತುರಹಳ್ಳಿ ಕಾಡಿನಲ್ಲೂ ಬಂಡೆಗಳಿವೆ, ಹತ್ತೋ ಹುಡುಗರು ಅಲ್ಲಿಗೆ ಹೋಗಿ ಕಲಿತಿದ್ದಾರೆ. ಆದ್ರೆ ಅದೂ ಎಷ್ಟು ಜನರನ್ನ ತಡ್ಕೊಳ್ಳುತ್ತೆ ಹೇಳಿ. 2021ರ ಶುರುವಿನಲ್ಲಿ ಅದನ್ನ ವೃಕ್ಷೋದ್ಯಾನ ಮಾಡ್ತೀವಿ ಅಂತ ಹೊರಟಾಗ, ಕಾಡು ಕಾಡಾಗೇ ಇರ್ಲಿ ಅಂತ ಜನ ಬೀದಿಗೆ ಬಂದಿದ್ದು ನಿಮಗೆ ನೆನಪಿರಬಹುದು.

ಐದನೇದೇ ದೊಡ್ಡದು. ಬೀಳೋದನ್ನ ಕಲಿಸ್ತಾರೆ. ಮೊದಲನೇ ದಿನವೇ ಹತ್ತೋಕೆ ಮುಂಚೆ ಬೀಳೋ ಪಾಠ. ಎರಡೂ ಪಾದ ಒಟ್ಟಿಗೆ ಊರಬೇಕು, ಮಂಡಿ ಮಡಚಬೇಕು, ಹಾಗೇ ಹಿಂದಕ್ಕೆ ಉರುಳಬೇಕು, ಕೈಯನ್ನ ಮಾತ್ರ ಹಿಂದಕ್ಕೆ ಊರಬಾರದು, ಊರಿದ್ರೆ ಮಣಿಕಟ್ಟು ಹೋಯ್ತು. ಸ್ಕೂಲು, ಟ್ಯೂಷನ್ನು, ಸಂಗೀತ ಎಲ್ಲ ಕಡೆ ಬೀಳದೇ ಇರೋದನ್ನೇ ಕಲಿಸೋದು. ಬಿದ್ದು ಏಳೋದನ್ನ ಒಂದು ವಿದ್ಯೆ ಅಂತ ಹೇಳಿಕೊಟ್ಟ ಜಾಗ ನನ್ನ ಮಗಳಿಗೆ ಇದೊಂದೇ. ಈ ಆರು ತಿಂಗಳಲ್ಲಿ ಅವಳು ಮಾರ್ಕ್ಸಿಗೆ ಅತ್ತಿಲ್ಲ. ಅದು ಗೋಡೆಯಿಂದಲೋ, ವಯಸ್ಸಿನಿಂದಲೋ ಹೇಳೋಕಾಗಲ್ಲ. ನಾನಂತೂ ಗೋಡೆಯ ಖಾತೆಗೇ ಜಮಾ ಮಾಡಿದ್ದೀನಿ.

ಈಗ ಖರ್ಚು.

ಮೊದಲನೆಯದು ದುಡ್ಡೇ. ಒಂದು ದಿನದ ಟಿಕೆಟ್ಟು ನಮ್ಮ ಮನೆಯ ಒಂದು ವಾರದ ತರಕಾರಿ. ಚಂದಾ ತಗೊಂಡ್ರೆ ಕಡಿಮೆ ಬೀಳುತ್ತೆ, ಆದ್ರೆ ಹೋಗದ ದಿನವೂ ಮೀಟರ್ ಓಡುತ್ತೆ. ಅದರ ಮೇಲೆ ಶೂ. ಕಾಲಿಗಿಂತ ಬಿಗಿ ಇರ್ಬೇಕಂತೆ, ಬೆಳೆಯೋ ಕಾಲಿಗೆ ಎಷ್ಟು ಜೊತೆ ತರ್ತೀರಾ? 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದ್ದೂ ಸೇರಿಸಿ, ನನ್ನನ್ನೂ ಸೇರಿಸಿ ಇಬ್ಬರ ಟಿಕೆಟ್ಟು.

ಎರಡನೆಯದು ಧೂಳು. ಕೈ ಜಾರದಿರಲಿ ಅಂತ ಹಾಕೋ ಬಿಳಿ ಪುಡಿ ಮೆಗ್ನೀಷಿಯಂ ಕಾರ್ಬೊನೇಟ್. ಜಿಮ್ನಾಸ್ಟ್ ಆಗಿದ್ದ ಜಾನ್ ಗಿಲ್ ಅನ್ನೋರು 1950ರ ದಶಕದಲ್ಲಿ ಅದನ್ನ ಬಂಡೆಗೆ ತಂದ್ರು. ಬಯಲಲ್ಲಿ ಅದನ್ನ ಗಾಳಿ ಎತ್ಕೊಂಡು ಹೋಗುತ್ತೆ, ಮುಚ್ಚಿದ ಹಾಲಿನಲ್ಲಿ ಎಲ್ಲಿಗೆ ಹೋಗಬೇಕು? ಅದು ಸಾಲದು ಅಂತ 2025ರಲ್ಲಿ ವಿಯೆನ್ನಾ ಮತ್ತು ಲುಸಾನ್‌ನ ಸಂಶೋಧಕರು ಜಿಮ್ಮುಗಳ ಗಾಳಿ ಪರೀಕ್ಷೆ ಮಾಡಿ, ಕ್ಲೈಂಬಿಂಗ್ ಶೂಗಳ ರಬ್ಬರ್ ಸವೆದು ಟೈರಿನಲ್ಲಿ ಇರೋಂಥ ರಾಸಾಯನಿಕಗಳು ಅಲ್ಲಿ ತುಂಬಿರೋದನ್ನ ಕಂಡುಕೊಂಡ್ರು. ವಾಹನ ಓಡಾಡೋ ರಸ್ತೆಗೆ ಹೋಲಿಸೋ ಮಟ್ಟಕ್ಕೆ! ವಾರಕ್ಕೆ ಮೂರು ದಿನ ಹೋಗ್ತಿದ್ದ ಮಗಳ ಸೀನು ಏನೂ ಕಡಿಮೆ ಇರ್ಲಿಲ್ಲ. ಚಂದ್ರಾ ಲೇಔಟಿನ 80 ಅಡಿ ರಸ್ತೆಯ ಧೂಳು ಕುಡಿದು ಬೆಳೆದ ಮಕ್ಕಳಿಗೆ ಇದೇನು ಮಹಾ ಅಂತ ಸುಮ್ಮನಾಗೋಕೆ ಮನಸ್ಸು ಒಪ್ಪಲಿಲ್ಲ. ಕಿಟಕಿ, ಫ್ಯಾನು, ನೆಲ ಒರೆಸೋದು ಹೇಗಿದೆ ಅಂತ ನೋಡೋಕೆ ಶುರು ಮಾಡಿದೆ.

ಮೂರನೆಯದು ಬೆರಳು. ಸ್ನಾಯು ಬೇಗ ಗಟ್ಟಿಯಾಗುತ್ತೆ, ಅದನ್ನ ಮೂಳೆಗೆ ಕಟ್ಟೋ ನರದಂಥ ಪಟ್ಟಿಗಳು ನಿಧಾನ. ಹಾಗಾಗಿ ಮೂರು ತಿಂಗಳಲ್ಲಿ 'ನನಗೆ ಶಕ್ತಿ ಬಂತು' ಅನ್ನಿಸಿದಾಗಲೇ ಬೆರಳಿಗೆ ಪೆಟ್ಟಾಗೋದು, ಅದೂ ಉಂಗುರದ ಬೆರಳಿಗೆ ಹೆಚ್ಚು. ಬೆಳೆಯೋ ಮಕ್ಕಳಲ್ಲಿ ಇನ್ನೊಂದು ಅಪಾಯ, ಮೂಳೆ ಬೆಳೆಯೋ ಜಾಗವೇ ಬಿರುಕು ಬಿಡಬಹುದು. ಬೆರಳ ತುದಿಯಲ್ಲಿ ನೇತಾಡೋ ಹಲಗೆಯೊಂದು ಮೂಲೆಯಲ್ಲಿ ಇರುತ್ತೆ, ದೊಡ್ಡ ಹುಡುಗರು ಅದರಲ್ಲಿ ಜೋತಾಡೋದನ್ನ ನೋಡಿ ಇವಳಿಗೂ ಆಸೆ. ಬೆಳವಣಿಗೆ ಮುಗಿಯೋವರೆಗೂ ಅದನ್ನ ಮುಟ್ಟಬೇಡ ಅಂತ ಟ್ರೈನರ್ರೇ ಹೇಳಿದ್ರು, ಪುಣ್ಯ.

ಇಷ್ಟು ಬರೆದು ಗೆರೆ ಎಳೆದು ಕೂಡಿದೆ. ಜಮಾ ಕಡೆಯೇ ತೂಕ ಹೆಚ್ಚಿತ್ತು. ಚಂದಾ ಕಟ್ಟೇಬಿಡೋಣ ಅಂದ್ಕೊಂಡು ಯುಗಾದಿಗೆ ಊರಿಗೆ ಹೋದ್ವಿ. ಖರ್ಚಿನ ಕಡೆ ಬರೆಯೋದೊಂದು ಬಿಟ್ಟೇ ಹೋಗಿದೆ ಅಂತ ಗೊತ್ತಾಗಿದ್ದು ಅಲ್ಲೇ.

ನನ್ನ ತವರೂರು ಮಾಗಡಿ ತಾಲ್ಲೂಕು. ಮಾಗಡಿ ರಸ್ತೆ ಹಿಡಿದು ಹೋಗಿ, ಡಾಂಬರು ಬಿಟ್ಟು ಒಳಗೆ ತಿರುಗಿದ್ರೆ ಎಲ್ಲಿ ನೋಡಿದ್ರೂ ರಾಗಿ ಹೊಲ, ಹೊಲದ ನಡುವೆ ಬಂಡೆ. ನಮ್ಮನೆ ಹಿಂದಿನ ಬಂಡೆ ಮೇಲೆ ನಿಂತ್ರೆ ಸಾವನದುರ್ಗ ಕಾಣುತ್ತೆ, ಕರಿಗುಡ್ಡ ಬಿಳಿಗುಡ್ಡ ಎರಡೂ. ಸಮುದ್ರಮಟ್ಟದಿಂದ 1226 ಮೀಟರ್. ಅದರ ಮುಂದೆ ನಮ್ಮ ಬಂಡೆ ಒಂದು ಸಾಸಿವೆ ಕಾಳು. ಆದ್ರೆ ಹನ್ನೊಂದು ವರ್ಷದ ಹುಡುಗಿಗೆ ಅದೇ ಸಾವನದುರ್ಗ.

ಈಗ ಆ ಹಳೇ ಬಾಕಿ ಹೇಳ್ತೀನಿ. 1989ರ ಬೇಸಿಗೆ ರಜ. ನನ್ನಣ್ಣ ಮತ್ತವನ ಪಟಾಲಂ ಹಿಂದಿನ ಇಳಿಜಾರಿನಿಂದ ಬಂಡೆ ಹತ್ತಿ ಕೂತಿದ್ರು. ನಾನು ಜಂಬ ಮಾಡ್ಕೊಂಡು ಮುಂದಿನ ಕಡಿದಾದ ಮುಖದಲ್ಲಿ ಬರಿಗಾಲಲ್ಲಿ ಹತ್ತಿದೆ. ಎರಡಾಳೆತ್ತರದಲ್ಲಿ ಒಂದು ತಿಟ್ಟು, ಕಾಲು ಇಡೋಷ್ಟು ಅಗಲ. ಅಲ್ಲಿವರೆಗೂ ಮೇಕೆಮರಿ ಹಾಗೆ ಹೋದೆ. ಅಲ್ಲಿಂದ ಮೇಲಕ್ಕೆ ನುಣ್ಣಗಿತ್ತು. ಕೆಳಗೆ ನೋಡಿದೆ, ನಾನು ಕಾಲಿಟ್ಟು ಬಂದ ಜಾಗ ಒಂದೂ ಕಾಣ್ತಿಲ್ಲ. ನಾನು ಹತ್ತಿದ ಬಂಡೆ ಇದೇನಾ ಅನ್ನಿಸ್ತು. ಕಾಲು ಹೊಲಿಗೆ ಮಿಷನ್ ತುಳಿದ ಹಾಗೆ ನಡುಗೋಕೆ ಶುರುವಾಯ್ತು. ಹುಡುಗರು ಊರಿಗೆ ಓಡಿದ್ರು. ಅಮ್ಮ ಬಂದು ಅತ್ತಳು, ಅಪ್ಪ ಬಂದು ಬೈದರು, ಇಬ್ಬರ ದನಿ ಕೇಳಿ ನನ್ನ ನಡುಕ ಇನ್ನೂ ಹೆಚ್ಚಾಯ್ತು. ಹೊತ್ತು ಮುಳುಗ್ತಾ ಇತ್ತು.

ಕುರಿ ಹೊಡ್ಕೊಂಡು ಮನೆಗೆ ಹೋಗ್ತಿದ್ದ ಒಬ್ಬ ತಾತ ಬಂದ. ಎಲ್ಲರನ್ನೂ ಸುಮ್ಮನಿರಿಸಿದ. ಕೈಯಲ್ಲಿದ್ದ ಕೋಲನ್ನ ಎತ್ತಿ ಅದರ ತುದಿಯನ್ನ ಬಂಡೆಗೆ ಒತ್ತಿ ಹಿಡಿದ. "ಮುಖ ಕಲ್ಲಿನ ಕಡೆ ಮಾಡವ್ವ. ಊರೆಲ್ಲ ನೋಡ್ಬೇಡ, ನಿನ್ನ ಕಾಲು ನೋಡು. ಎಡಗಾಲು ನನ್ನ ಕೋಲಿನ ತುದೀಗೆ ತಾ. ಇನ್ನೊಂದು ಗೇಣು. ಇನ್ನೊಂದು ಬೆರಳು. ಹ್ಞಾ, ಅಲ್ಲೇ ಊರು. ಈಗ ಕೈ ಇಳಿಸು." ಹಾಗೆ ಕೋಲು ಒಂದೊಂದೇ ಗೇಣು ಕೆಳಗೆ ಬಂತು, ಅದರ ಹಿಂದೆ ನಾನೂ ಬಂದೆ. ನೆಲ ಮುಟ್ಟಿದ ತಕ್ಷಣ ಅಮ್ಮ ಕೆನ್ನೆಗೆ ಒಂದು ಬಿಟ್ಟು, ಆಮೇಲೆ ತಬ್ಬಿಕೊಂಡಳು. ತಾತ ಹೊರಡೋವಾಗ ಒಂದು ಮಾತು ಹೇಳಿದ. "ಹತ್ತೋದು ಮೇಕೆಮರೀಗೂ ಬತ್ತದೆ. ಇಳಿಯೋದ ಕಲ್ತ್ಕೋ."

ಕಲಿಯೋಕೆ ಬಿಟ್ಟಿದ್ರೆ ತಾನೇ? ಮಾರನೇ ದಿನದಿಂದ ನನಗೆ ಬಂಡೆ ಬಂದ್. "ಹೆಣ್ಣುಮಗೀಗೆ ಯಾಕ್ ಬೇಕು ಅದೆಲ್ಲ" ಅಂತ ಒಂದೇ ಮಾತು. ಅಣ್ಣ ಅದೇ ಸಂಜೆ ಮತ್ತೆ ಹತ್ತಿದ. ಆವತ್ತು ಉಳಿದ ನಡುಕ ಇವತ್ತಿಗೂ ನನ್ನ ಕಾಲಲ್ಲಿದೆ. ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ಸ್ಟೂಲ್ ಹತ್ತಬೇಕು ಅಂದ್ರೂ ಇವರನ್ನ ಕರೀತೀನಿ.

ಈ ಸಲದ ಹೊಸತೊಡಕಿನ ದಿನ. ನಮ್ಮ ಕಡೆ ಯುಗಾದಿಗಿಂತ ಅದರ ಮಾರನೇ ದಿನವೇ ದೊಡ್ಡ ಹಬ್ಬ ಅಂತ ಗೊತ್ತಲ್ಲ. ಬಾಡೂಟ ಉಂಡು ಮನೆಯವರೆಲ್ಲ ಜಗಲಿ ಮೇಲೆ ಗೊರಕೆ. ಬಿಸಿಲು ಇಳಿದು ಕಲ್ಲು ಸ್ವಲ್ಪ ತಣ್ಣಗಾದ ಮೇಲೆ ಮಗಳು ತನ್ನ ಶೂ ಹಾಕ್ಕೊಂಡು, "ಅಮ್ಮ, ನಿನ್ನ ಬಂಡೆ ತೋರ್ಸು" ಅಂದ್ಲು. ನಾನು ಕೋಲು ಒಂದು ಹಿಡ್ಕೊಂಡು ಹೊರಟೆ, ಹಾವು ಗೀವು ಇದ್ರೆ ಅಂತ.

ಅವಳು ಆ ಮುಖ ಹತ್ತಿದ್ದು ನೋಡೋ ಹಾಗಿತ್ತು ಕಣ್ರೀ. ನನಗೆ ಅರ್ಧ ಗಂಟೆ ಹಿಡಿದಿದ್ದು ಅವಳಿಗೆ ಎರಡು ನಿಮಿಷ. ಸೊಂಟ ಕಲ್ಲಿಗೆ ಹತ್ತಿರ, ಭಾರ ಕಾಲ ಮೇಲೆ, ಕೈ ನೆಟ್ಟಗೆ. ಆರು ತಿಂಗಳ ದುಡ್ಡು ವಸೂಲಾಯ್ತು ಅಂತ ಹೆಮ್ಮೆಯಿಂದ ನೋಡ್ತಿದ್ದೆ. ಅದೇ ತಿಟ್ಟಿನ ಮೇಲೆ ನಿಂತ್ಲು. ಮೇಲಕ್ಕೆ ಕೈ ಸವರಿ ನೋಡಿದ್ಲು. ಅಲ್ಲಿ ಹಳದಿ ಇಲ್ಲ, ಹಸಿರು ಇಲ್ಲ, ಇಲ್ಲಿ ಹಿಡ್ಕೋ ಅಂತ ಹೇಳೋ ಯಾವ ಬಣ್ಣವೂ ಇಲ್ಲ. ಆಮೇಲೆ ತಿರುಗಿ ಕೆಳಗೆ ನೋಡಿ ತುಂಬಾ ಸಹಜವಾಗಿ ಕೇಳಿದ್ಲು,

"ಅಮ್ಮ, ಜಂಪ್ ಮಾಡ್ಲಾ?"

ಕೆಳಗೆ ಒಡೆದ ಕಲ್ಲು, ಪಾಪಾಸುಕಳ್ಳಿ. ಎತ್ತರ ಜಿಮ್ಮಿನ ಗೋಡೆಯಷ್ಟೇ. ಆರು ತಿಂಗಳು, ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತಾರು ಸಲ ಆ ಎತ್ತರದಿಂದ ಕೈ ಬಿಟ್ಟು ಹಾಸಿಗೆ ಮೇಲೆ ಬಿದ್ದಿದ್ದಾಳೆ. ಅವಳ ಮೈಗೆ ಆ ಎತ್ತರ ಅಂದ್ರೆ ಧೊಪ್ ಅನ್ನೋ ಸದ್ದು ಅಷ್ಟೇ. ನಾನು ಬೇಡ ಅಂತ ಕೂಗಿದೆನೋ, ದನಿಯೇ ಬರ್ಲಿಲ್ಲವೋ, ನೆನಪಿಲ್ಲ. ಅವಳು ಇನ್ನೊಂದು ಸಲ ನೋಡಿದ್ಲು. ಆಗ ಅವಳ ಮುಖ ಬದಲಾಯ್ತು. ಹಾಸಿಗೆ ಇಲ್ಲ ಅನ್ನೋದು ಆಗ ಅವಳಿಗೆ ಕಾಣಿಸಿತು.

"ಇಳಿ" ಅಂದೆ.

"ಹೆಂಗೆ?" ಅಂದ್ಲು. ಕಾಲು ನಡುಗೋಕೆ ಶುರುವಾಗಿತ್ತು. ಅದೇ ಹೊಲಿಗೆ ಮಿಷನ್.

ಆರು ತಿಂಗಳಲ್ಲಿ ಅವಳು ಒಂದು ಸಲಾನೂ ಹತ್ತಿದ ದಾರಿಯಲ್ಲಿ ಇಳಿದಿರ್ಲಿಲ್ಲ. ಮೇಲಿನ ಹಿಡಿ ಮುಟ್ಟೋದು, ಕೈ ಬಿಡೋದು. ಇಷ್ಟು ಚೆನ್ನಾಗಿ ಹತ್ತೋ ಮಗುವಿಗೆ ಇಳಿಯೋಕೆ ಬರ್ತಿರ್ಲಿಲ್ಲ.

ನನಗೆ ಅಳು ಬರೋ ಹಾಗಿತ್ತು. ಆದ್ರೆ ಅಮ್ಮ ಅತ್ತಿದ್ದು, ಅಪ್ಪ ಬೈದಿದ್ದು ಮೇಲಿದ್ದವಳಿಗೆ ಹೇಗೆ ಕೇಳಿಸಿತ್ತು ಅಂತ ನನಗೆ ಗೊತ್ತಿತ್ತಲ್ಲ. ಹಾವಿಗೆ ಅಂತ ತಂದ ಕೋಲನ್ನ ಎತ್ತಿ ತುದಿಯನ್ನ ಬಂಡೆಗೆ ಒತ್ತಿದೆ. "ಮುಖ ಕಲ್ಲಿನ ಕಡೆ ಮಾಡು. ನಿನ್ನ ಕಾಲು ಮಾತ್ರ ನೋಡು. ಎಡಗಾಲು ಕೋಲಿನ ತುದಿಗೆ ತಾ. ಇನ್ನೊಂದು ಗೇಣು." ಗೇಣು ಅಂದ್ರೆ ಎಷ್ಟು ಅಂತ ಕೇಳಿದ್ಲು, ಆ ನಡುಕದಲ್ಲೂ! ಕೈ ಅಗಲಿಸಿ ತೋರಿಸಿದೆ. ಒಂದೊಂದು ಗೇಣು ಬಂದ್ಲು. ಕಾಲು ಇಟ್ಟದ್ದು ಗಟ್ಟಿಯಾಗೋವರೆಗೂ ಕೈ ಬಿಡಬೇಡ ಅಂದೆ, ಬಿಡ್ಲಿಲ್ಲ. ನೆಲ ಮುಟ್ಟಿದ ಮೇಲೆ ನಾನು ಕೆನ್ನೆಗೆ ಹೊಡೀಲಿಲ್ಲ. ಇಬ್ಬರೂ ಅಲ್ಲೇ ಕೂತು ನೀರು ಕುಡಿದ್ವಿ.

ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಮತ್ತೆ ಹತ್ತಿದ್ಲು. ಈ ಸಲ ನಾಲ್ಕಡಿ ಹತ್ತೋದು, ಇಳಿಯೋದು. ಆರಡಿ ಹತ್ತೋದು, ಇಳಿಯೋದು. ಪ್ರತಿ ಹೆಜ್ಜೆಗೂ ಹಿಂದೆ ತಿರುಗಿ ಕಾಲಿಟ್ಟ ಜಾಗವನ್ನ ನೋಡಿಟ್ಟುಕೊಳ್ಳೋದು. ನೋಡಿ ನೋಡಿ ನಾನೂ ಚಪ್ಪಲಿ ಬಿಟ್ಟು ಹತ್ತಿದೆ. ಎಷ್ಟು ಅಂತ ಕೇಳ್ಬೇಡಿ, ನನ್ನ ಎತ್ತರದಷ್ಟೂ ಇಲ್ಲ. ಆದ್ರೆ ನಾನೇ ಹತ್ತಿ ನಾನೇ ಇಳಿದೆ, 1989ರ ನಂತರ ಮೊದಲ ಸಲ. ಕೆಳಗೆ ಕೋಲು ಹಿಡಿದು ನಿಂತಿದ್ದು ಅವಳು.

ಬೆಂಗಳೂರಿಗೆ ಬಂದ ಮೇಲೆ ಜಿಮ್ಮಿನ ಟ್ರೈನರ್ ಹತ್ರ ಇದನ್ನ ಹೇಳಿದೆ. ಪಾಪ, ಅವರು ನಗಲಿಲ್ಲ. ಪ್ರತಿ ಮಗುವಿಗೂ ಆದಷ್ಟು ಇಳಿದು ಬನ್ನಿ, ಹಾರಬೇಡಿ ಅಂತಲೇ ಹೇಳೋದು ಮೇಡಂ, ಮಂಡಿಗೂ ಒಳ್ಳೇದು, ಆದ್ರೆ ಕೆಳಗೆ ಅಷ್ಟು ಮೆತ್ತಗಿರೋವಾಗ ಯಾರು ಕೇಳ್ತಾರೆ ಅಂದ್ರು. ಮಗಳನ್ನ ನೋಡಿದೆ. "ಹೇಳಿದ್ರು, ನಾನೇ ಕೇಳಿರ್ಲಿಲ್ಲ" ಅಂದ್ಲು. ಹಾಗಾಗಿ ತಪ್ಪು ಜಿಮ್ಮಿನದಲ್ಲ. ಹಾಸಿಗೆಯ ಗುಣವೇ ಅಂಥದ್ದು. ಜಮಾ ಪಟ್ಟಿಯಲ್ಲಿ ಐದನೇದಾಗಿ ಬರೆದಿದ್ದೆನಲ್ಲ, ಬೀಳೋದನ್ನ ಕಲಿಸುತ್ತೆ ಅಂತ? ಅದೇ ಸಾಲನ್ನ ಖರ್ಚಿನ ಪಟ್ಟಿಯಲ್ಲೂ ಬರೆಯಬೇಕಾಯ್ತು. ಧೈರ್ಯ ಬಂದಿದ್ದೂ ಆ ಹಾಸಿಗೆಯಿಂದ, ಭಯ ಮರೆತಿದ್ದೂ ಅದರಿಂದಲೇ. ನನ್ನ ಇಪ್ಪತ್ತು ಚಿಲ್ಲರೆ ವರ್ಷದ ಬ್ಯಾಂಕ್ ಸರ್ವಿಸಿನಲ್ಲಿ ಒಂದೇ ಮೊತ್ತ ಎರಡೂ ಕಡೆ ಕೂತ ಲೆಕ್ಕ ಇದೊಂದೇ.

ಹಾಗಂತ ಬಿಡಿಸಿಬಿಡೋದಾ? ನನ್ನ ಅಮ್ಮ ಅಪ್ಪ ಅದನ್ನೇ ಮಾಡಿದ್ದು. ಬಿದ್ದುಬಿಡ್ತಾಳೆ ಅಂತ ಹತ್ತೋದನ್ನ ನಿಲ್ಲಿಸಿದ್ರು. ಅದರಿಂದ ನಾನು ಬೀಳಲಿಲ್ಲ ನಿಜ, ಸ್ಟೂಲನ್ನೂ ಹತ್ತದ ಹಾಗಾದೆ. ಆವತ್ತು ಅವರು ಆ ತಾತನನ್ನ ಕರೆದು ಇವಳಿಗೆ ಇಳಿಯೋದನ್ನ ಕಲಿಸಪ್ಪ ಅಂದಿದ್ರೆ ಸಾಕಿತ್ತು.

ಚಂದಾ ಕಟ್ಟಿದೆ, ವರ್ಷಕ್ಕೇ. ಕೆಲವು ಷರತ್ತು ಹಾಕಿದ್ದೀನಿ. ವಾರಕ್ಕೆ ಮೂರರ ಬದಲು ಎರಡೇ ದಿನ, ಬೆರಳಿಗೂ ಮೂಗಿಗೂ ಬಿಡುವು ಇರ್ಲಿ. ಆ ನೇತಾಡೋ ಹಲಗೆ ಕಡೆ ತಿರುಗಿಯೂ ನೋಡಬಾರದು. ಕೈ ಜಾರಿ ಬಿದ್ರೆ ಬೀಳ್ಲಿ, ಆದ್ರೆ ತುದಿ ಮುಟ್ಟಿದ ಮೇಲೆ ಇಳಿದೇ ಬರಬೇಕು, ಕೊನೇ ಹೆಜ್ಜೆವರೆಗೂ. ನಿಜವಾದ ಬಂಡೆಗೆ ಹೋಗೋದಿದ್ರೆ ಬಲ್ಲವರ ಜೊತೆ, ಹೆಲ್ಮೆಟ್ಟು ಹಗ್ಗ ಇಟ್ಕೊಂಡು. ಇವರು ಪೇಪರ್ ಕೆಳಗಿಳಿಸಿ, "ಒಂಬತ್ತನೇ ಕ್ಲಾಸಿಗೂ ಇದೇ ಷರತ್ತು ಹಾಕು" ಅಂದ್ರು.

ಕಳೆದ ಶನಿವಾರ ಜಿಮ್ಮಿನ ಬೆಂಚಿನ ಮೇಲೆ ಕೂತು ನೋಡ್ತಿದ್ದೆ. ಅವಳು ಒಂದು ನೀಲಿ ಪ್ರಾಬ್ಲಮ್ ಮುಗಿಸಿ, ಮೇಲಿನ ಹಿಡಿಗೆ ಎರಡೂ ಕೈ ಮುಟ್ಟಿಸಿ, ಅಲ್ಲೇ ಒಂದು ಕ್ಷಣ ನಿಂತ್ಲು. ಕೆಳಗೆ ಮೆತ್ತನೆ ಹಾಸಿಗೆ ಕರೀತಾ ಇತ್ತು. ಪಕ್ಕದ ಹುಡುಗರೆಲ್ಲ ಧೊಪ್ ಧೊಪ್ ಅಂತ ಬೀಳ್ತಿದ್ರು. ಇವಳು ತಲೆ ಬಗ್ಗಿಸಿ ಕಾಲು ನೋಡ್ಕೊಂಡು ಒಂದೊಂದೇ ಗೇಣು ಇಳಿದು ಬಂದ್ಲು. ಹತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡೀತು. ಒಬ್ಬ ಹುಡುಗ ಇದ್ಯಾಕೆ ಹಿಂಗೆ ಅಂತ ಕೇಳಿದ. ಅವಳೇನೋ ಹೇಳಿದ್ಲು, ನನಗೆ ಕೇಳಿಸ್ಲಿಲ್ಲ. ಕೈ ಅಗಲಿಸಿ ಗೇಣು ತೋರಿಸ್ತಿದ್ದದ್ದು ಮಾತ್ರ ಕಾಣಿಸ್ತು.

ನಿಮ್ಮ ಮಕ್ಕಳೂ ಇಂಥ ಕಡೆ ಹೋಗ್ತಾರಾ? ನಿಮ್ಮೂರಿನಲ್ಲೂ ಒಂದು ಬಂಡೆ, ಒಂದು ಬೈಗುಳ ಇದ್ದೇ ಇರುತ್ತೆ. ನಿಮ್ಮನ್ನ ಇಳಿಸಿದವರು ಯಾರು? ಪುರುಸೊತ್ತಾದಾಗ ಬರೀರಿ, ಓದೋಕೆ ಕಾಯ್ತಿರ್ತೀನಿ.